ಕೈ ತಾಗಿದರೆ ಹಳದಿ

ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದೆಲ್ಲ ನೀಲಿಯಾಗಿಯೇ ಹುಟ್ಟಬೇಕು ಎಂಬ ಕಾಯ್ದೆ ಬಂದು ಅದು ಮೂರನೆಯ ವರ್ಷ.

ಬಣ್ಣದ ಗುಟ್ಟು ದೊಡ್ಡದೇನಲ್ಲ. ಸಿಮೆಂಟಿಗೂ ಸುಣ್ಣಕ್ಕೂ ಕಬ್ಬಿಣದ ಪೇಂಟಿಗೂ ಬೆರೆಸುವ ಒಂದು ಪುಡಿ. ಅದರಲ್ಲಿ ಸಾಸಿವೆಗಿಂತ ಸಾವಿರ ಪಾಲು ಚಿಕ್ಕ ಗುಳಿಗೆಗಳು. ಮನುಷ್ಯನ ಮೈ ಬಿಸಿ, ಅದರ ಜೊತೆಗೆ ಬೆವರಿನ ಉಪ್ಪು, ಎರಡೂ ತಾಗಿದರೆ ಗುಳಿಗೆ ಬಾಯಿ ಬಿಡುತ್ತದೆ, ನೀಲಿ ಗೋಡೆ ಆ ಜಾಗದಲ್ಲಿ ಅರಿಶಿನ ಮೆತ್ತಿದಂತೆ ಹಳದಿಯಾಗುತ್ತದೆ. ಒಂಬತ್ತು ದಿನ ಯಾರೂ ಮುಟ್ಟದಿದ್ದರೆ ಮತ್ತೆ ನೀಲಿ. ಬಳಸಿದ್ದು ಹಳದಿ, ಬಳಸದ್ದು ನೀಲಿ. ಇಷ್ಟೇ.

ಆದರೆ ಮೊದಲ ವರ್ಷ ನಾಡಿನ ಜನ ಕಣ್ಣು ಬಾಯಿ ಬಿಟ್ಟು ನೋಡಿದ್ದರು! ರಸ್ತೆಯೇ ಇಲ್ಲದ ಕಡೆ ಹೊಳೆಗೆ ಅಡ್ಡ ಕಟ್ಟಿದ ಸೇತುವೆ, ಈ ತುದಿಯಿಂದ ಆ ತುದಿಗೆ ಕಡುನೀಲಿ. ಶಾಸಕರ ಮುಖ ಹೊತ್ತ ಬಸ್ ತಂಗುದಾಣದಲ್ಲಿ ಕಾದ ಕಬ್ಬಿಣದ ಬೆಂಚು ನೀಲಿ, ಜನ ಒರಗಿ ನಿಂತ ಕಂಬ ಮಾತ್ರ ಹಳದಿ. ಒಂದು ಶಾಲೆಯಲ್ಲಿ ಎಲ್ಲ ಹಳದಿಯಾಗಿ ಹುಡುಗಿಯರ ಶೌಚಾಲಯವೊಂದೇ ನೀಲಿ ಉಳಿದಿತ್ತು. ಬೀಗದ ಕೈ ಹೆಡ್‌ಮಾಸ್ತರರ ಜೇಬಿನಲ್ಲಿತ್ತಂತೆ. ಮರುದಿನವೇ ಬೀಗ ತೆಗೆದರು. ಯಾರೂ ಬಯ್ಯಲಿಲ್ಲ, ಅರ್ಜಿ ಕೊಡಲಿಲ್ಲ. ಬಣ್ಣ ಹೇಳಿತು, ಅವರು ತೆಗೆದರು.

ಸುಮಂಗಲಾ ಇದನ್ನೆಲ್ಲ ಜಿಲ್ಲೆಯ ಎಣಿಕೆ ಕೇಂದ್ರದಲ್ಲಿ ಕೂತು ನೋಡಿದವಳು. ಬಿ.ಎಸ್ಸಿ. ಮುಗಿಸಿ ಹದಿನಾರು ವರ್ಷ ಒಂದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸಿಕೊಡುತ್ತಿದ್ದಳು. ಬಣ್ಣದ ಒಂದು ಕೂದಲೆಳೆ ವ್ಯತ್ಯಾಸವನ್ನೂ ಹಿಡಿಯುವ ಕಣ್ಣು ಎಂದು ಕೇಂದ್ರದವರು ಕರೆದು ಕೆಲಸ ಕೊಟ್ಟಿದ್ದರು. ಪ್ರತಿ ಸರ್ಕಾರಿ ಕೋಣೆಯ ಸೂರಿನಲ್ಲೂ, ಹೊರಗಾದರೆ ಕಂಬದ ಮೇಲೂ, ನಾಣ್ಯದಷ್ಟು ಅಗಲದ ಗಾಜಿನ ಕಣ್ಣಿರುತ್ತದೆ. ಅದಕ್ಕೆ ಮುಖ ಕಾಣದು, ಮಾತು ಕೇಳದು, ಬಣ್ಣವೊಂದೇ ಗೊತ್ತು. ಆ ಬಣ್ಣವೆಲ್ಲ ಕೇಂದ್ರದ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬಂದು ಬೀಳುತ್ತದೆ.

ವರ್ಷಕ್ಕೊಮ್ಮೆ ಎಣಿಕೆ. ನೂರಕ್ಕೆ ಮೂವತ್ಮೂರರಷ್ಟಾದರೂ ಹಳದಿಯಾಗದ ಕಟ್ಟಡ ಊರಿನವರ ಪಾಲು. ಅವರು ಮೊದಲೇ ಬರೆದುಕೊಟ್ಟ ಕೆಲಸಕ್ಕೆ ಅದನ್ನು ಬಿಟ್ಟುಕೊಡಬೇಕು. ಅದನ್ನು ಕಟ್ಟಿಸಿದವರ ಮುಂದಿನ ಯೋಜನೆಯ ಹಣವೂ ಅದೇ ಕೆಲಸಕ್ಕೆ. ಹಳದಿಯಾದರೆ ಯಾರೂ ಕೇಳುವಂತಿಲ್ಲ, ಮುಂದಿನ ಯೋಜನೆ ಸಲೀಸು.

ಆ ವರ್ಷ ಸುಮಂಗಲಾಳ ಕಣ್ಣೆಲ್ಲ ಒಂದೇ ಕಟ್ಟಡದ ಮೇಲೆ. ಅವಳ ಊರು ಮಲ್ಲಿಕೆರೆಯ ಗುಡ್ಡದ ಬಂಗಲೆ.

ಸಚಿವ ತಿಪ್ಪೇರುದ್ರಪ್ಪನವರು ಯಾರೋ ದೊಡ್ಡ ಅತಿಥಿ ಬರುತ್ತಾರೆಂದು ಕಟ್ಟಿಸಿದ ಬಂಗಲೆ ಅದು. ಹದಿನಾಲ್ಕು ಕೋಣೆ, ಪಕ್ಕದಲ್ಲಿ ಹೆಲಿಪ್ಯಾಡು; ಎಣಿಕೆಗೆ ಎರಡೂ ಸೇರಿ ಒಂದೇ ಲೆಕ್ಕ. ಅತಿಥಿ ಬಂದರು, ನಲವತ್ತು ನಿಮಿಷ ಇದ್ದರು, ಎಳನೀರು ಕುಡಿದು ಹಾರಿಹೋದರು. ಅವರು ಕೂತ ಸೋಫಾದ ಹಿಂದಿನ ಗೋಡೆಯಲ್ಲಿ ತಲೆಯಷ್ಟು ಗಾತ್ರದ ಹಳದಿ ಒಂಬತ್ತು ದಿನ ಇದ್ದು ಮಾಯವಾಯಿತು. ಆಮೇಲೆ ಎಲ್ಲ ನೀಲಿ. ಈಗ ಸಚಿವರಿಗೆ ಅದೇ ಗುಡ್ಡದ ನೆತ್ತಿಯ ಮೇಲೆ ತಿರುಗುವ ಹೋಟೆಲ್ ಕಟ್ಟಿಸುವ ಆಸೆ: ಊಟಕ್ಕೆ ಕೂತವರು ಒಂದು ಗಂಟೆಯಲ್ಲಿ ಸುತ್ತಲಿನ ನಾಲ್ಕು ತಾಲ್ಲೂಕನ್ನು ನೋಡಿ ಮುಗಿಸಬಹುದಂತೆ.

ಮಲ್ಲಿಕೆರೆಯವರು ಬಂಗಲೆಗೆ ಬರೆದುಕೊಟ್ಟಿದ್ದು ಬೇರೆ. ಡಯಾಲಿಸಿಸ್ ಕೇಂದ್ರ.

ಊರಿನಲ್ಲಿ ಒಂಬತ್ತು ಜನಕ್ಕೆ ಮೂತ್ರಪಿಂಡ ಕೈಕೊಟ್ಟಿತ್ತು. ಅವರಲ್ಲೊಬ್ಬ ಸುಮಂಗಲಾಳ ಗಂಡ ಕರಿಬಸಪ್ಪ, ಟೈಲರು. ಮಂಗಳವಾರ ಮತ್ತು ಶನಿವಾರ ಬೆಳಗಿನ ಐದು ಗಂಟೆಯ ಬಸ್ಸಿಗೆ ಒಂಬತ್ತೂ ಜನ ಜಿಲ್ಲಾ ಆಸ್ಪತ್ರೆಗೆ ಹೋಗಿ, ರಕ್ತ ಶುದ್ಧಿ ಮಾಡಿಸಿಕೊಂಡು ಸಂಜೆ ಅದೇ ಬಸ್ಸಿಗೆ ಬರಬೇಕು. ಆ ಬಸ್ಸಿನ ಕಂಡಕ್ಟರು ಒಂಬತ್ತು ಕಿಟಕಿ ಸೀಟಿನ ಮೇಲೆ ತನ್ನದೇ ಟವೆಲು, ಚೀಲ, ಟಿಕೆಟ್ ಪೆಟ್ಟಿಗೆ ಎಲ್ಲ ಇಟ್ಟು ಕಾದಿರುತ್ತಿದ್ದ. ಒಬ್ಬರು ಕಡಿಮೆ ಬಂದರೆ ಹೊರಡುತ್ತಿರಲಿಲ್ಲ. "ಗಾಳಿ ತಾಗ್ಲಿ ಅಂತ, ಇನ್ನೇನಿಲ್ಲ," ಎನ್ನುತ್ತಿದ್ದ. ಬರುವಾಗ ಕರಿಬಸಪ್ಪನಿಗೆ ವಾಂತಿಯಾಗುತ್ತಿತ್ತು. ವೈದ್ಯರು ಹೇಳಿಬಿಟ್ಟಿದ್ದರು: ಈ ಓಡಾಟ ಇನ್ನೊಂದು ವರ್ಷ ಅವನ ಎದೆ ತಡೆಯುವುದಿಲ್ಲ.

ಬಂಗಲೆ ನೀಲಿಯಾಗಿಯೇ ಉಳಿಯಬೇಕಿತ್ತು. ಅಷ್ಟೇ ಅವಳ ಪ್ರಾರ್ಥನೆ. ಖಾಲಿ ಬಂಗಲೆ ನೀಲಿ ಉಳಿಯದೆ ಇನ್ನೇನಾದೀತು!

ಎಣಿಕೆ ಇದ್ದುದು ಶುಕ್ರವಾರ, ಸಂಜೆ ನಾಲ್ಕಕ್ಕೆ. ಅದರ ಹಿಂದಿನ ವಾರದ ಬುಧವಾರ, ಎರಡು ದಿನದ ರಜೆ ಮುಗಿಸಿ ಆಗಷ್ಟೇ ಬಂದಿದ್ದ ಸುಮಂಗಲಾ ರೊಟ್ಟಿಯ ಡಬ್ಬಿ ಬಿಚ್ಚುತ್ತಿದ್ದಾಗ, ಪಕ್ಕದ ಮೇಜಿನ ಜಬೀನಾ ಕೂಗಿದಳು.

"ಅಕ್ಕಾ! ನಿಮ್ಮೂರ ಬಂಗ್ಲೆ ನೋಡ್ರಿ! ದೆವ್ವಗಿವ್ವ ಬಂದು ಸೇರ್ಕೊಂಡಾವೇನು?"

ಪರದೆಯ ಮೇಲೆ ಬಂಗಲೆಯ ಹದಿನಾಲ್ಕು ಕೋಣೆಗಳೂ ಹಳದಿಯಾಗುತ್ತಿದ್ದವು. ಸೋಮವಾರ ನೂರಕ್ಕೆ ಏಳು. ಮಂಗಳವಾರ ಹತ್ತೊಂಬತ್ತು. ಈಗ ನಲವತ್ತೊಂದು!

ಸುಮಂಗಲಾ ಎದ್ದು ಪರದೆಯ ಹತ್ತಿರ ಹೋದಳು. ಜನ ವಾಸ ಮಾಡಿದ ಮನೆ ಹೀಗೆ ಹಳದಿಯಾಗುವುದಿಲ್ಲ. ಬಾಗಿಲ ಚಿಲಕ, ಸ್ವಿಚ್ಚಿನ ಸುತ್ತ, ನಲ್ಲಿ, ಹೊಸ್ತಿಲು, ಮುದುಕರು ಕೈ ಊರಿ ಏಳುವ ಗೋಡೆಯ ಮೂಲೆ, ಹೀಗೆ ಅಲ್ಲೊಂದು ಇಲ್ಲೊಂದು ಹಳದಿ ಕೂರುತ್ತದೆ. ಇಲ್ಲಿ ಚಿಲಕ ನೀಲಿ, ನಲ್ಲಿ ನೀಲಿ. ಗೋಡೆಗಳ ಮೇಲೆ ಮಾತ್ರ ಬೆರಣಿ ತಟ್ಟಿದಂತೆ ಸಾಲು ಸಾಲು ಅಂಗೈ, ಎಲ್ಲ ಒಂದೇ ಎತ್ತರದಲ್ಲಿ.

"ಕೂಲಿ ಕೊಟ್ಟು ಮುಟ್ಟಿಸ್ತಿದಾರೆ," ಎಂದಳು.

ಮೇಲಧಿಕಾರಿ ಪ್ರಸನ್ನಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಾಗ್ತಿದೆ ಸುಮಂಗಲಾ. ಆದ್ರೆ ಕಾಯ್ದೆ ಹಳದಿ ಎಷ್ಟು ಅಂತ ಕೇಳುತ್ತೆ, ಯಾಕೆ ಅಂತ ಕೇಳಲ್ಲ. ಕೂಲಿಗೆ ಮುಟ್ಟಬಾರದು ಅಂತ ಎಲ್ಲೂ ಬರೆದಿಲ್ಲ. ಬರೆದೋರಿಗೆ ನಮ್ಮ ಜನ ಹೊಳೀಲಿಲ್ಲ ನೋಡಿ." ಆಮೇಲೆ ಮೆಲ್ಲಗೆ, "ಊಟ ಮಾಡಮ್ಮ ಮೊದಲು," ಎಂದು ತಮ್ಮ ಡಬ್ಬಿಯ ಮಜ್ಜಿಗೆಯನ್ನು ಅವಳ ಕಡೆ ಸರಿಸಿದರು.

ಅವಳು ಊಟ ಮಾಡಲಿಲ್ಲ. ಐದನೆಯ ಕೋಣೆಯ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಅಲ್ಲಿದ್ದ ಅಂಗೈಗಳಲ್ಲಿ ಒಂದಕ್ಕೆ ಕಿರುಬೆರಳೇ ಇರಲಿಲ್ಲ.

ಆ ಕೈ ಅವಳಿಗೆ ಗೊತ್ತು. ಹಬ್ಬ ಹಬ್ಬಕ್ಕೂ ಅವಳ ತಲೆಗೆ ಎಣ್ಣೆ ತಿಕ್ಕಿದ ಕೈ. ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದು, ಜರಡಿ ಯಂತ್ರದ ಬೆಲ್ಟಿಗೆ ಒಂದು ಬೆರಳು ಕೊಟ್ಟು ಮಗನನ್ನು ಸಾಕಿದ ಕೈ. ಅವಳ ಅತ್ತೆ ಕೊಟ್ರಮ್ಮನದು.

ಸಂಜೆ ಮನೆಗೆ ಬಂದಾಗ ಕೊಟ್ರಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕರಿಬಸಪ್ಪ ಹೊಲಿಗೆ ಯಂತ್ರದ ಮುಂದೆ, ಮೆಲ್ಲಗೆ, ಒಂದು ರವಿಕೆಗೆ ತೋಳು ಹಚ್ಚುತ್ತಿದ್ದ.

"ಅತ್ತೆ, ಮೂರು ದಿನದಿಂದ ಬೆಳಗ್ಗೆ ಎಲ್ಲಿಗೆ ಹೋಗ್ತಿದೀರಿ?"

"ಭಜನೆಗೆ ಕಣವ್ವ."

"ಭಜನೆ ಮನೇಲಿ ಗೋಡೆ ತಟ್ತಾರಾ?"

ಕೊಟ್ರಮ್ಮನ ಕೈ ನಿಂತಿತು. ಒಂದು ಕಾಳು ಉರುಳಿ ಯಂತ್ರದ ಕೆಳಗೆ ಹೋಯಿತು.

"ನಿನ್ ಪರದೇಲಿ ಮಾರಿ ಕಾಣಲ್ಲ ಅಂತಿದ್ದೆ?"

"ಬೆರಳು ಕಾಣ್ತವೆ."

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ಮೇಸ್ತ್ರಿ ಹಾಲೇಶ ಕರೆದ. ಇಪ್ಪತ್ತಾರು ಹೆಂಗಸ್ರು ನಾವು. ಬೆಳಗ್ಗೆಯಿಂದ ಮಧ್ಯಾಹ್ನದ ತಂಕ ಗೋಡೆ ಮುಟ್ಟೋದು, ನೆಲದ ಮೇಲೆ ಬರಿಗಾಲಲ್ಲಿ ಓಡಾಡೋದು. ನಿನ್ನೆ ಮೊನ್ನೆ ಮುಟ್ಟಿದ್ದನ್ನೂ ಇವತ್ತು ಮತ್ತೆ ಮುಟ್ಟಿಸಿದ. ಯಾಕೆ ಅಂದ್ರೆ, ಹೊಸ ಬಣ್ಣ, ಕೈ ತಾಗಿದ್ರೆ ಗಟ್ಟಿ ಆಗ್ತೈತೆ ಅಂದ. ಕುಂತ್ಕೊಳ್ಳಕ್ಕೆ ನಂಗೊಂದು ಕುರ್ಚಿ ಬೇರೆ ಹಾಕ್ಸಿಕೊಟ್ಟ, ಒಳ್ಳೇನು. ನಾಕು ಸಲಿ ಕಾರು ಮಾಡ್ಕೊಂಡು ಬರೋವಷ್ಟು ಆಗಿದ್ರೆ ಇವ್ನು ಬಸ್ಸಲ್ಲಿ ವಾಂತಿ ಮಾಡ್ಕೊಳ್ಳದು ತಪ್ತಿತ್ತು. ಅದ್ಕೇ ಹೋದೆ. ನಿಮ್ಗೆ ಹೇಳಿದ್ರೆ ಈ ವಯಸ್ಸಲ್ಲಿ ಕೂಲಿನಾ ಅಂತ ಬೈತೀರಿ ಅಂತ..."

ಹೊಲಿಗೆ ಯಂತ್ರ ನಿಂತುಹೋಯಿತು.

ಸುಮಂಗಲಾ ನೆಲದ ಮೇಲೆ ಅತ್ತೆಯ ಎದುರು ಕೂತಳು. ಬೈಯಲಿಲ್ಲ. ಬಣ್ಣ ಏನು ಮಾಡುತ್ತದೆ, ಬಂಗಲೆ ಹಳದಿಯಾದರೆ ಗುಡ್ಡದ ಮೇಲೆ ಏನು ತಿರುಗುತ್ತದೆ, ನೀಲಿ ಉಳಿದರೆ ಅಲ್ಲಿ ಏನು ಬರುತ್ತದೆ, ಅಷ್ಟನ್ನೂ ಹೇಳಿದಳು. ಪೇಪರಿನಲ್ಲಿ ಬಂದಿದ್ದೇ ಅದು, ಗುಟ್ಟೇನಲ್ಲ. ಕೊಟ್ರಮ್ಮನಿಗೆ ಓದು ಬರದು, ಅಷ್ಟೇ.

ಎಲ್ಲ ಕೇಳಿದ ಮೇಲೆ ಮುದುಕಿ ಸೆರಗಿನೊಳಗಿಂದ ಕೈ ಹೊರತೆಗೆದು ನೋಡಿಕೊಂಡಳು.

"ಅಂದ್ರೆ ನನ್ ಮಗನ ಆಸ್ಪತ್ರೇನ ನಾನೇ ಕೈಯಾರೆ ಕಿತ್ತು ಹಾಕ್ತಿದೀನಿ."

"ಯವ್ವಾ, ಬಿಡು," ಎಂದ ಕರಿಬಸಪ್ಪ.

"ನೀನು ಸುಮ್ನಿರು." ಕೊಟ್ರಮ್ಮ ಸೊಸೆಯ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಈಗ ಬೇರೆಯೇ ಬೆಳಕಿತ್ತು. "ಮುಟ್ಟಿದ್ದು ಎಷ್ಟು ದಿನ ಇರ್ತೈತೆ ಅಂದೆ?"

"ಒಂಬತ್ತು ದಿನ. ಬಿಸಿಲಿದ್ರೆ ಒಂದೆರಡು ಗಂಟೆ ಮುಂಚೆ, ಮೋಡ ಇದ್ರೆ ಸ್ವಲ್ಪ ತಡ."

ಕೊಟ್ರಮ್ಮ ಅವರೆಕಾಳಿನಲ್ಲೇ ಎಣಿಸಿದಳು. ಬುಧವಾರಕ್ಕೆ ಒಂಬತ್ತು ಕಾಳು ಕೂಡಿದರೆ ಮುಂದಿನ ಶುಕ್ರವಾರ. "ನಾಳೆಯಿಂದ ಯಾರೂ ಮುಟ್ದಿದ್ರೆ?"

"ಶುಕ್ರವಾರ ಮಧ್ಯಾಹ್ನಕ್ಕೆ ಬಿಟ್ಟುಹೋಗ್ಬೋದು. ಆದ್ರೆ ನೀವು ಬಿಟ್ರೆ ಪಕ್ಕದೂರಿಂದ ಬೇರೆಯೋರು ಬರ್ತಾರೆ."

"ಬಿಡ್ತೀನಿ ಅಂದೋರು ಯಾರು? ಹೋಗ್ತೀವಿ. ಮುಟ್ಟಲ್ಲ." ಅವಳು ಮಗನ ಕಡೆ ನೋಡಿದಳು. "ಏ ಕರಿಬಸು, ರವಿಕೆಗೆ ಒಳಗಡೆ ಹಾಕೋ ಕಂದು ಲೈನಿಂಗ್ ಬಟ್ಟೆ ಎಷ್ಟೈತೆ?"

ಕರಿಬಸಪ್ಪ ಅವ್ವನನ್ನು ನೋಡಿದ, ಬಟ್ಟೆಯ ಗಂಟನ್ನು ನೋಡಿದ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ನಗು ಬಂತು. "ಇಪ್ಪತ್ತಾರು ಜೊತೆ ಕೈಗವಸಿಗೆ ಆಗ್ತೈತೆ ಬಿಡವ್ವ. ನಿನ್ನ ಎಡಗೈದಕ್ಕೆ ನಾಕೇ ಬೆರಳು ಸಾಕು, ಬಟ್ಟೆ ಉಳೀತು."

"ಹಲ್ಕಟ್ ಮಾತು ನೋಡು ಇವಂದು!" ಎಂದು ನಗುತ್ತಲೇ ಕೊಟ್ರಮ್ಮ ಚಪ್ಪಲಿ ಮೆಟ್ಟಿ ಮನೆ ಮನೆಗೆ ಹೊರಟಳು.

ಸುಮಂಗಲಾ ಕತ್ತರಿ ಮುಟ್ಟಲಿಲ್ಲ. ಎಣಿಸುವ ಕೆಲಸದವಳು ಇದಕ್ಕೆ ಕೈ ಹಾಕಬಾರದು ಎಂದು ಅವಳ ಮನಸ್ಸು ಹೇಳುತ್ತಿತ್ತು. ಗಂಡನ ಯಂತ್ರದ ಮೇಲೆ ಬೆಳಕು ಸರಿಯಾಗಿ ಬೀಳುವಂತೆ ದೀಪ ತಿರುಗಿಸಿಟ್ಟಳು, ಅಷ್ಟೇ.

ಆಮೇಲಿನ ಒಂಬತ್ತು ದಿನ ಅವಳು ಬದುಕಿದ್ದೇ ಪರದೆಯ ಮೇಲೆ. ನಲವತ್ತೊಂದು ಏರಲಿಲ್ಲ, ಇಳಿಯಲೂ ಇಲ್ಲ. ಗುಡ್ಡದ ಮೇಲೆ ಇಪ್ಪತ್ತಾರು ಹೆಂಗಸರು ಕಂದು ಗವಸಿನಲ್ಲಿ, ಗಂಡಂದಿರ ಹಳೆಯ ಕಾಲುಚೀಲದಲ್ಲಿ, ದಿನಾ ಶ್ರದ್ಧೆಯಿಂದ ಗೋಡೆ ತಟ್ಟುತ್ತಿದ್ದರು. ಹಳದಿ ಇದ್ದಷ್ಟೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ ಎಂದು ಅವಳು ತಿಳಿದಿದ್ದಳು. ಆದರೆ ಗುರುವಾರ ಸಂಜೆ ಕೊಟ್ರಮ್ಮ ಬಂದು ಹೇಳಿದ್ದೇ ಬೇರೆ.

"ಹಾಲೇಶ ಇವತ್ತು ನನ್ ಕುರ್ಚಿ ಹತ್ರ ಬಂದ ಕಣೇ. 'ಅಜ್ಜಿ, ಸೆಖೆಗೆ ಗವಸು ಬೆವರಿಗೆ ಒದ್ದೆ ಆಗ್ತಾವೆ. ಒದ್ದೆ ಆದ್ರೆ ಬಟ್ಟೆ ದಾಟಿ ಬಣ್ಣ ಹತ್ತುತ್ತೆ. ನಾಳೆ ಎರಡೆರಡು ಹಾಕ್ಕೊಂಡು ಬರಕ್ಕೆ ಹೇಳಿ ಎಲ್ರಿಗೂ' ಅಂದ. ಅಂದು, ಏನೂ ಆಗ್ದಂಗೆ ಬೀಡಿ ಸೇದಕ್ಕೆ ಹೋದ."

"ಗೊತ್ತಿತ್ತಾ ಅವನಿಗೆ!"

"ನಾವು ಗವಸು ತೊಟ್ಟ ಮೊದಲನೇ ದಿನದಿಂದ್ಲೂ. ಅವ್ನ ಸೋದರಮಾವ ಐದು ಗಂಟೆ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂರಲ್ವೇನೆ."

ಶುಕ್ರವಾರ ಬೆಳಗ್ಗೆ ಸುಮಂಗಲಾ ಬಾಗಿಲು ತೆಗೆದು ಆಕಾಶ ನೋಡಿದಳು. ಮೋಡ! ಫೆಬ್ರವರಿಯಲ್ಲಿ ಎಲ್ಲಿಂದಲೋ ಬಂದು ಕವಿದ ದಟ್ಟ ಮೋಡ, ತಣ್ಣನೆಯ ಗಾಳಿ. ಹಳದಿ ತಡವಾಗಿ ಬಿಡುವ ದಿನ.

ಕೇಂದ್ರ ಜನರಿಂದ ಗಿಜಿಗುಟ್ಟುತ್ತಿತ್ತು. ಟಿ.ವಿ.ಯವರು, ಪತ್ರಿಕೆಯವರು, ಮುಂದಿನ ಸಾಲಿನಲ್ಲಿ ಸಚಿವ ತಿಪ್ಪೇರುದ್ರಪ್ಪನವರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಜಬೀನಾಳಿಗೆ ನಿಲ್ಲಲು ಜಾಗವಿಲ್ಲದಾಗ ತಾವೇ ಕುರ್ಚಿ ಜರುಗಿಸಿದರು. ಮೈಕು ಸಿಕ್ಕ ಕೂಡಲೇ, "ನಮ್ಮ ಬಂಗಲೆ ದಿನವೂ ಜನರಿಂದ ತುಂಬಿ ತುಳುಕುತ್ತಿದೆ," ಎಂದರು. ಅವರ ಸಹಾಯಕ ಅವರಿಗೂ ಹಾಗೆಯೇ ಹೇಳಿದ್ದಿರಬೇಕು.

ಎರಡು ಗಂಟೆಗೆ ನಲವತ್ತು. ಮೂರಕ್ಕೆ ಮೂವತ್ತೆಂಟು. ಒಂದೊಂದೇ ಅಂಗೈ ಅಂಚಿನಿಂದ ಮಸುಕಾಗುತ್ತ ನೀಲಿಯಲ್ಲಿ ಮುಳುಗುತ್ತಿತ್ತು. ಮೂರೂಕಾಲಿಗೆ ಮೂವತ್ತಾರು. ಸುಮಂಗಲಾ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ಬೇಗ, ಬೇಗ! ಮೂರೂವರೆಗೆ ಮೂವತ್ನಾಲ್ಕು.

ಸಹಾಯಕ ಬಿಳಿಚಿಕೊಂಡು ಫೋನು ಹಿಡಿದು ಹೊರಗೆ ಓಡಿದ. ಹತ್ತೇ ನಿಮಿಷ. ಜಬೀನಾ ಅವಳ ಭುಜ ಅಲುಗಿಸಿದಳು.

"ಅಕ್ಕಾ, ಹೆಲಿಪ್ಯಾಡು! ಹೆಲಿಪ್ಯಾಡು ಹಳದಿ ಆಗ್ತೈತೆ!"

ಕಂಬದ ಮೇಲಿನ ಕಣ್ಣು ತೋರಿಸುತ್ತಿತ್ತು. ಕ್ರಿಕೆಟ್ ಆಡುವಷ್ಟು ಅಗಲದ ಆ ನೀಲಿ ಅಂಗಳದ ಮೇಲೆ ಹಳದಿ ಚುಕ್ಕಿಗಳು ಮೂಡುತ್ತಿದ್ದವು. ಬರಿಗಾಲಿನ ಗುರುತುಗಳು! ಮೂವತ್ನಾಲ್ಕೂಕಾಲು. ಮೂವತ್ನಾಲ್ಕೂವರೆ. ಇಡೀ ಅಂಗಳ ತುಳಿದರೆ ಕಥೆ ಮುಗಿಯಿತು. ಹೆದರಿಸಿದರೇ ಅವರನ್ನು? ಅತ್ತೆ ಎಲ್ಲಿ?

ಆದರೆ ಚುಕ್ಕಿಗಳು ಎಲ್ಲೆಂದರಲ್ಲಿ ಬೀಳುತ್ತಿರಲಿಲ್ಲ. ಸಾಲಿಗೆ ಹದಿಮೂರು, ಅಂತರ ಸಮಸಮ. ಬೆಳಗ್ಗೆ ಬಾಗಿಲ ಮುಂದೆ ನೀರು ಚಿಮುಕಿಸಿ ಇಟ್ಟಂತೆ.

"ರಂಗೋಲಿ ಚುಕ್ಕಿ!" ಎಂದಳು ಜಬೀನಾ.

ಚುಕ್ಕಿಯಿಂದ ಚುಕ್ಕಿಗೆ ಗೆರೆ ಹೊರಟಿತು. ಹೆಂಗಸರು ಒಬ್ಬರ ಹಿಂದೊಬ್ಬರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತಿರಬೇಕು; ಒಂದು ಗೇಣು ಅಗಲದ ಗೆರೆ, ಅದಕ್ಕಿಂತ ಹೆಚ್ಚಿಲ್ಲ. ಉದ್ದನೆಯ ಒಂದು ಪೆಟ್ಟಿಗೆ ಮೂಡಿತು. ಕೆಳಗೆ ಎರಡು ಚಕ್ರ. ಮೇಲೆ ಒಂದು, ಎರಡು, ಮೂರು... ಒಂಬತ್ತು ಚೌಕ. ಪ್ರತಿ ಚೌಕದೊಳಗೂ ಯಾರೋ ಮೆಲ್ಲಗೆ ಬಂದು ಕೂತು, ಅಂಗೈ ಊರಿ, ಎದ್ದುಹೋದ ಹಾಗೆ ಒಂದೊಂದು ಹಳದಿ ಕಲೆ.

ಇಡೀ ಕೋಣೆ ಎದ್ದು ನಿಂತಿತ್ತು.

"ಇದೇನು, ಬಸ್ಸಾ?" ಸಚಿವರು ಕಣ್ಣು ಕಿರಿದು ಮಾಡಿ ನೋಡಿದರು. "ಯಾವ ಬಸ್ಸಿದು?"

ಸುಮಂಗಲಾಳಿಗೆ ತನ್ನ ಧ್ವನಿ ತನಗೇ ಕೇಳಿಸಿದಾಗ ಆಶ್ಚರ್ಯವಾಯಿತು.

"ಬೆಳಗಿನ ಐದು ಗಂಟೆ ಬಸ್ಸು ಸರ್. ಮಲ್ಲಿಕೆರೆಯಿಂದ ಜಿಲ್ಲಾ ಆಸ್ಪತ್ರೆಗೆ. ಒಂದೊಂದು ಕಿಟಕೀಲಿ ಒಬ್ಬೊಬ್ರು ಡಯಾಲಿಸಿಸ್‌ಗೆ ಹೋಗ್ತಾರೆ. ನಾಲ್ಕನೇ ಕಿಟಕಿ ನಮ್ಮ ಮನೆಯವ್ರು."

ಸಚಿವರು ಅವಳನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಟಿ.ವಿ.ಯವರ ಕ್ಯಾಮೆರಾ ಒಂಬತ್ತು ಕಿಟಕಿಗಳ ಮೇಲೆ ನಿಂತಿತ್ತು. ನಾಲ್ಕಕ್ಕೆ ಐದು ನಿಮಿಷ. ಮೂವತ್ನಾಲ್ಕು. ಗುಡ್ಡದ ಆಚೆ ಎಲ್ಲೋ ಮೋಡ ಒಡೆದಿರಬೇಕು. ಬಂಗಲೆಯ ಪಡುವಣ ಕಿಟಕಿಗಳಿಂದ ಬಿಸಿಲು ನುಗ್ಗಿ ಗೋಡೆಯ ಅಂಗೈಗಳು ಸರಸರನೆ ನೀಲಿಯಾದವು. ಮೂವತ್ಮೂರೂವರೆ. ಮೂವತ್ಮೂರು. ಐದನೆಯ ಕೋಣೆಯ ಆ ಗೋಡೆಯಲ್ಲಿ ನಾಲ್ಕು ಬೆರಳಿನ ಎಡಗೈ ಎಲ್ಲಕ್ಕಿಂತ ಕೊನೆಗೆ ಒಂದು ಸಲ ಮಿನುಗಿ, ಆರಿಹೋಯಿತು.

ನಾಲ್ಕು ಗಂಟೆ. ಮೂವತ್ತೆರಡೂವರೆ!

ಜಬೀನಾ ಅವಳನ್ನು ತಬ್ಬಿಕೊಂಡು ಕುಣಿದೇಬಿಟ್ಟಳು. ಪ್ರಸನ್ನಕುಮಾರ್ ಮತ್ತೆ ಕನ್ನಡಕ ಒರೆಸಿಕೊಂಡರು. ಈ ಸಲ ಒದ್ದೆಯಾಗಿದ್ದುದು ಗಾಜಲ್ಲ. ಸಚಿವರು ಹೊರಡುವಾಗ ಬಾಗಿಲಲ್ಲಿ ನಿಂತು, "ಐದು ಗಂಟೆಗಾ? ಚಳಿಗಾಲದಲ್ಲೂನಾ?" ಎಂದು ಕೇಳಿದರು. ಅವಳು ಹೌದೆಂದಳು. ಅವರು ತಲೆಯಾಡಿಸಿ ಹೋದರು.

ಮನೆಯಲ್ಲಿ ಕೊಟ್ರಮ್ಮ ಕಾಲು ನೀಡಿಕೊಂಡು ಕೂತಿದ್ದಳು. ಮಗ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದ.

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ, ರಂಗೋಲಿ ವಿಷ್ಯ? ಪ್ರಾಣ ಹೋಗಿ ಬಂತು!"

"ಹೇಳಿದ್ರೆ ನಿನ್ ಕೆಲಸಕ್ಕೆ ಸಂಚಕಾರ. ಗೊತ್ತಿಲ್ದೆ ಇರೋದು ನಿಂಗೆ ಒಳ್ಳೇದಾಗಿತ್ತು." ಮುದುಕಿ ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಇವತ್ತು ನಾಕು ಗಂಟೆ ತಂಕ ಅಲ್ಲೇ ಇರಿ ಅಂದಿದ್ರು, ಹಳದಿ ಇಳಿದ್ರೆ ಅಂಗಳ ತುಳಿಸ್ತಾರೆ ಅಂತ ಹಾಲೇಶ ಮೊದ್ಲೇ ಹೇಳಿದ್ದ. ಸಚಿವರ ಸಹಾಯಕ ಫೋನ್ ಮಾಡಿ, ಎಲ್ರೂ ಬರಿಗಾಲಲ್ಲಿ ಅಂಗಳಕ್ಕೆ ಇಳೀರಿ ಅಂದ. ಇಳೀಲೇಬೇಕು. ಇಳಿದ ಮೇಲೆ ಸುಮ್ನೆ ಯಾಕೆ ನಿಲ್ಲೋದು? ನಂಗೆ ಅಕ್ಷರ ಬರಲ್ಲವ್ವ, ಚುಕ್ಕಿ ಬರ್ತವೆ. ಆ ಒಂಬತ್ತು ಜನಾನೂ ಹಾಲೇಶನೇ ಮೊದ್ಲೇ ಟೆಂಪೋದಲ್ಲಿ ಕರ್ಕೊಂಡು ಬಂದಿದ್ದ."

ಹತ್ತು ತಿಂಗಳಿಗೆ ಬಂಗಲೆಯಲ್ಲಿ ಆರು ಯಂತ್ರಗಳು ಬಂದವು. ಉದ್ಘಾಟನೆಗೆ ತಿಪ್ಪೇರುದ್ರಪ್ಪನವರೇ ಬಂದರು, ತಮ್ಮ ಹೆಸರಿನ ದೊಡ್ಡ ಫಲಕವನ್ನೂ ಹಾಕಿಸಿದರು. ಕಂಡಕ್ಟರು ಕೆಲಸಕ್ಕೆ ರಜೆ ಹಾಕಿ ಬಂದು ಎಲ್ಲರಿಗೂ ಮಂಡಕ್ಕಿ ಹಂಚಿದ. "ಇನ್ನು ನನ್ ಬಸ್ಸು ಟೈಮಿಗೆ ಸರಿಯಾಗಿ ಹೊರಡ್ತೈತೆ ನೋಡ್ರಿ," ಎಂದು ನಗುತ್ತ, ಟವೆಲಿನಿಂದ ಕಣ್ಣು ಒರೆಸಿಕೊಂಡ.

ಈಗಲೂ ಸುಮಂಗಲಾ ಬೆಳಗ್ಗೆ ಕೆಲಸಕ್ಕೆ ಬಂದ ಕೂಡಲೇ ಮೊದಲು ನೋಡುವುದು ಗುಡ್ಡದ ಬಂಗಲೆಯನ್ನು. ಹೊಸ್ತಿಲು ಹಳದಿ. ಚಿಲಕ ಹಳದಿ, ನಲ್ಲಿಯ ಸುತ್ತಲ ಗೋಡೆ ಹಳದಿ. ಉದ್ಘಾಟನೆಯ ಫಲಕ ಮಾತ್ರ ಇವತ್ತಿಗೂ ನೀಲಿ. ಹೊರಗೆ ಜಗಲಿಯ ಎರಡನೆಯ ಕಂಬದ ಮೇಲೆ, ಕೂತವರ ಭುಜದ ಎತ್ತರಕ್ಕೆ, ಒಂದು ಎಡ ಅಂಗೈ ಇದೆ. ಮಂಗಳವಾರ ಮತ್ತು ಶನಿವಾರ ಮಗ ಒಳಗಿರುವಷ್ಟು ಹೊತ್ತು ಅವ್ವ ಒಬ್ಬಳು ಅಲ್ಲಿ ಆತುಕೊಂಡು ಕೂತು ಅವರೆಕಾಯಿ ಸುಲಿಯುತ್ತಾಳೆ, ಏಳುವಾಗ ಕಂಬ ಹಿಡಿದು ಏಳುತ್ತಾಳೆ.

ಅದರಲ್ಲಿ ಕಿರುಬೆರಳಿಲ್ಲ. ಅದಕ್ಕೆ ಮಾಸಲು ಒಂಬತ್ತು ದಿನದ ಪುರುಸೊತ್ತೇ ಸಿಕ್ಕಿಲ್ಲ.